ಪುಟ್ಟ ಕೈಗಳ ಅಚ್ಚುಕಟ್ಟು



ಸಂಜೆ ದೀಪ ಹಚ್ಚುವ ಹೊತ್ತಿಗೆ ಮಂಡ್ಯದ ಯಾವ ಬೀದಿಯಲ್ಲಿ ನಡೆದು ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಎತ್ತಿಡು ಅಂತ ಎಷ್ಟ್ ಸಲ ಹೇಳ್ಬೇಕು ನಿಂಗೆ?’ ಒಳಗೆ ಕುಕ್ಕರ್ ಕೂಗುತ್ತಿರುತ್ತದೆ, ಹೊರಗೆ ಯಾರೋ ಸ್ಕೂಟರ್ ನಿಲ್ಲಿಸುತ್ತಿರುತ್ತಾರೆ, ನಡುವೆ ಈ ಮಾತು. ಕೇಳಿಸಿಕೊಳ್ಳಬೇಕಾದ ಮಗುವಿಗೆ ಮೂರೋ ನಾಲ್ಕೋ ವರ್ಷ. ಅದರ ಸುತ್ತ ಒಂದು ಚಕ್ರ ಕಳಚಿದ ಲಾರಿ, ಅಡುಗೆಮನೆಯಿಂದ ತಂದ ಸೌಟು, ಅರ್ಧ ಹರಿದ ಅಕ್ಷರದ ಪುಸ್ತಕ, ತಾತನ ಕನ್ನಡಕದ ಡಬ್ಬಿ. ಮಾತು ಎರಡು ಸಲ ಮೇಲೇರುತ್ತದೆ. ಬೆನ್ನಿಗೊಂದು ಏಟು ಬೀಳುತ್ತದೆ. ಮಗು ಅಳುತ್ತದೆ, ಅಮ್ಮ ಗೊಣಗುತ್ತಾ ಎಲ್ಲವನ್ನೂ ತಾನೇ ಬಾಚಿ ಮೂಲೆಗೆ ತಳ್ಳುತ್ತಾಳೆ. ಮರುದಿನ ಸಂಜೆ ಮತ್ತೆ ಅದೇ.

ನಾನು ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ಬಹುಪಾಲು ಒಂದನೇ ತರಗತಿಯೇ. ಈಗ ಮಂಡ್ಯದಲ್ಲಿ ಮಗಳ ಮನೆಯಲ್ಲಿದ್ದೇನೆ, ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಆ ಸಂಜೆಯ ಏಟು ಬೇಕಾಗಿಲ್ಲ, ಎತ್ತಿಡುವ ಕೆಲಸವನ್ನು ಮಗು ನಗುತ್ತಲೇ ಮಾಡಬಲ್ಲದು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನೇ ಇವತ್ತು ರೇಡಿಯೋದಲ್ಲಿ ನಿಮ್ಮ ಹತ್ತಿರ ಹೇಳಿಕೊಳ್ಳಬೇಕೆಂದು ಬಂದೆ.

ನಮ್ಮ ಜಿಲ್ಲೆಯಲ್ಲಿ ‘ಅಚ್ಚುಕಟ್ಟು’ ಎಂಬ ಮಾತು ಎರಡು ಕಡೆ ಓಡಾಡುತ್ತದೆ. ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಾಳೆ ಅನ್ನುತ್ತೇವೆ. ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ, ಅಂದರೆ ವಿ.ಸಿ. ನಾಲೆಯ, ಅಚ್ಚುಕಟ್ಟಿಗೆ ಸೇರುತ್ತದೆ ಅಂತಲೂ ಅನ್ನುತ್ತೇವೆ; ಆ ನಾಲೆಯ ನೀರು ಉಣ್ಣುವ ಬಯಲು ಎಂದರ್ಥ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆ ಕಟ್ಟೆಯ ಕಾವೇರಿ ನೀರು ಈ ನಾಲೆಯಲ್ಲಿ ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಇಳಿಯಿತು.  ಈ ನೀರನ್ನು ಯಾರೂ ಬೈದು ಗದ್ದೆಗೆ ಕಳಿಸಲಿಲ್ಲ. ನಾಲೆ ತೋಡಿದರು, ಉಪನಾಲೆ ಎಳೆದರು, ತೂಬು ಇಟ್ಟರು, ಬದು ಕಟ್ಟಿದರು. ದಾರಿ ಮಾಡಿಕೊಟ್ಟ ಮೇಲೆ ನೀರು ತಾನಾಗಿ ಹೋಯಿತು. ಮಗುವಿನ ಕೈಯೂ ಹಾಗೇ ಎಂಬುದು ನನ್ನ ನಂಬಿಕೆ. ‘ರೂಮೆಲ್ಲ ಎತ್ತಿಡು’ ಅಂದರೆ ಕಟ್ಟೆಯ ಬಾಗಿಲನ್ನೆಲ್ಲ ಒಟ್ಟಿಗೆ ತೆರೆದ ಹಾಗೆ. ಅಷ್ಟು ದೊಡ್ಡ ಮಾತನ್ನು ಎಲ್ಲಿಂದ ಹಿಡಿಯಬೇಕೆಂದು ಮೂರು ವರ್ಷದ ತಲೆಗೆ ತಿಳಿಯುವುದಿಲ್ಲ. ‘ಕೆಂಪು ಬಣ್ಣದ್ದೆಲ್ಲ ಈ ಬುಟ್ಟಿಗೆ’ ಅನ್ನಿ. ಅದು ತೂಬು. ಅಲ್ಲಿಂದ ನೀರು ಹರಿಯುತ್ತದೆ.

ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಶಾಲೆಯ ಆವರಣದಲ್ಲೇ ಅಂಗನವಾಡಿ ಇತ್ತು. ನಡುವೆ ಒಂದು ಹೊಂಗೆ ಮರ ಮಾತ್ರ. ಬಿಡುವಿನಲ್ಲಿ ನಾನು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿನ ಕಾರ್ಯಕರ್ತೆ, ಮಕ್ಕಳ ಬಾಯಲ್ಲಿ ‘ಮಿಸ್ಸು’, ಹೊಸ್ತಿಲ ಹೊರಗಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಪ್ಪಲಿಯ ಅಚ್ಚು ಬರೆದಿದ್ದರು. ಹದಿನೆಂಟೋ ಇಪ್ಪತ್ತೋ ಜೊತೆ. ಮಕ್ಕಳು ತಮ್ಮ ಚಪ್ಪಲಿಯನ್ನು ಆ ಗೆರೆಯೊಳಗೆ ಬಿಡಬೇಕು. ಒಂದು ಹುಡುಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬಿಟ್ಟು ಒಳಗೆ ಓಡಿದ. ಮಿಸ್ಸು ಕರೆದರು: ‘ಬಾ ಮಗಾ ಇಲ್ಲಿ, ನಿನ್ ಚಪ್ಲಿ ನೋಡು, ಮಕ ತಿರುಗುಸ್ಕಂಡು ನಿಂತವೆ. ಜಗ್ಳ ಆಡ್ಕಂಡವಾ?’ ಹುಡುಗ ಹಿಂದಿರುಗಿ ಬಂದು ಕುಕ್ಕರುಗಾಲಲ್ಲಿ ಕೂತ. ಎರಡು ಚಪ್ಪಲಿಯನ್ನೂ ಎರಡು ಕೈಯಲ್ಲಿ ಎತ್ತಿಕೊಂಡು ಮುಖದ ಹತ್ತಿರ ತಂದು ನೋಡಿದ. ಒಂದನ್ನು ಇಟ್ಟ. ಗೆರೆಗೆ ಕೂರಲಿಲ್ಲ. ಬದಲಾಯಿಸಿದ. ಈಗ ಕೂತಿತು. ಬೆರಳಲ್ಲಿ ಎರಡನ್ನೂ ಇನ್ನಷ್ಟು ಹತ್ತಿರ ತಳ್ಳಿ, ‘ರಾಜಿ ಆದೊ ಮಿಸ್’ ಅಂದ. ಆ ಮಗುವಿನ ಮುಖದಲ್ಲಿ ಆಗ ಕಂಡ ತೃಪ್ತಿಯನ್ನು ನಾನು ಮರೆತಿಲ್ಲ. ಎಡ ಬಲ ತಿಳಿಯಿತು, ಜೊತೆ ಅಂದರೇನು ಎಂದು ತಿಳಿಯಿತು, ಚಪ್ಪಲಿ ಸಾಲಾಗಿ ನಿಂತವು. ಇಷ್ಟಕ್ಕೂ ಖರ್ಚಾದದ್ದು ಒಂದು ತುಂಡು ಸೀಮೆಸುಣ್ಣ.

ಆಟ ಮುಗಿಯುವ ಹೊತ್ತಿಗೆ ಆ ಮಿಸ್ಸು ಒಂದು ಹಳೆಯ ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ಅದು ಮಳವಳ್ಳಿ–ಮದ್ದೂರು ಬಸ್ಸು. ಕೋಣೆಯ ಒಂದು ಮೂಲೆ ಮಳವಳ್ಳಿ, ನಡುವಿನ ಕಂಬ ಕೆ.ಎಂ.ದೊಡ್ಡಿ, ಕಬ್ಬಿಣದ ಪೆಟ್ಟಿಗೆ ಇದ್ದ ಮೂಲೆ ಮದ್ದೂರು. ದಿನಕ್ಕೊಂದು ಮಗು ಕಂಡಕ್ಟರು. ಮರದ ಬಿಲ್ಲೆ, ಗೊಂಬೆ, ಚೆಂಡು ಎಲ್ಲ ಪ್ರಯಾಣಿಕರು. ‘ಯಾರ್ಯಾರ್ ಬತ್ತೀರ ಹತ್ಕಳಿ, ಬಸ್ಸು ಹೊಂಟದೆ’ ಎಂದು ಕಂಡಕ್ಟರು ಕೂಗಿದರೆ ಉಳಿದ ಮಕ್ಕಳು ಓಡಿ ಓಡಿ ಪ್ರಯಾಣಿಕರನ್ನು ಹತ್ತಿಸುತ್ತಿದ್ದರು. ‘ರೈಟ್ ರೈಟ್!’ ಮದ್ದೂರು ಬಂದಾಗ ಪ್ರಯಾಣಿಕರೆಲ್ಲ ಕಬ್ಬಿಣದ ಪೆಟ್ಟಿಗೆಯೊಳಗೆ ಇಳಿಯುತ್ತಿದ್ದರು. ಯಾರಾದರೂ ಕಿಟಕಿಯ ಕೆಳಗೆ ಉಳಿದುಬಿಟ್ಟಿದ್ದರೆ ಅವರಿಗಾಗಿ ಬಸ್ಸು ಹಿಂದೆ ಬರುತ್ತಿತ್ತು. ಹತ್ತು ನಿಮಿಷದಲ್ಲಿ ನೆಲ ಖಾಲಿ. ‘ಎತ್ತಿಡಿ’ ಎಂಬ ಮಾತನ್ನು ಮಿಸ್ಸು ಒಂದು ಸಲವೂ ಹೇಳಿದ್ದಿಲ್ಲ. ಆಟ ನಿಲ್ಲಿಸಿ ಕೆಲಸ ಮಾಡಿಸುತ್ತಿರಲಿಲ್ಲ ಅವರು. ಆಟದ ಕೊನೆಯ ಸುತ್ತನ್ನೇ ಎತ್ತಿಡುವ ಸುತ್ತಾಗಿ ಮಾಡಿದ್ದರು. ಅದೊಂದೇ ಗುಟ್ಟು.

ಅಂಗನವಾಡಿ ಎಂಬ ಈ ಕಲ್ಪನೆಯೇ ನೆಲದ ಹತ್ತಿರದ್ದು. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಎಂಬ ಇಬ್ಬರು ತಾಯಂದಿರು 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬ ಊರಲ್ಲಿ, ಮಕ್ಕಳು ಶಾಲೆಗೆ ಬರುವುದಿಲ್ಲವಾದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ ಎಂದು ಆರಂಭಿಸಿದ ಕೆಲಸ ಅದು. 1975ರ ಅಕ್ಟೋಬರ್ 2ರಂದು ಸರ್ಕಾರದ ಅಂಗನವಾಡಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಮಳವಳ್ಳಿಯ ನೆರೆಯ ತಿ. ನರಸೀಪುರಕ್ಕೆ. ಅಂಗನವಾಡಿ ಎಂದರೆ ಮೊಟ್ಟೆ, ಹಾಲಿನಪುಡಿ ಎಂದಷ್ಟೇ ತಿಳಿದವರು ಒಂದು ದಿನ ಹೋಗಿ ಒಂದು ಗಂಟೆ ಕೂತು ನೋಡಬೇಕು. ಕಡಿಮೆ ಗೌರವಧನದಲ್ಲಿ ದುಡಿಯುವ ಆ ಹೆಣ್ಣುಮಕ್ಕಳಿಂದ ನಾನು ಕಲಿತದ್ದು ನನ್ನ ತರಬೇತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ಮಾರಿಯಾ ಮಾಂಟೆಸ್ಸೊರಿ ಹೆಸರು ಈಗ ಮಂಡ್ಯದಲ್ಲೂ ಎಷ್ಟೋ ಶಿಶುಶಾಲೆಗಳ ಬೋರ್ಡುಗಳ ಮೇಲಿದೆ. ಆಕೆ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. 1939ರಲ್ಲಿ ಮದರಾಸಿಗೆ ಬಂದು ಯುದ್ಧದ ವರ್ಷಗಳನ್ನೆಲ್ಲ ನಮ್ಮ ದೇಶದಲ್ಲೇ ಕಳೆದರು. ಅವರು ಬರೆದಿಟ್ಟ ಒಂದು ಸಂಗತಿ ನನಗೆ ಬಹಳ ಇಷ್ಟ. ಮೊದಮೊದಲು ರೋಮಿನ ಆ ಮಕ್ಕಳ ಮನೆಯಲ್ಲಿ ಕಲಿಕೆಯ ಸಾಮಾನುಗಳನ್ನು ಟೀಚರೇ ಕೊಟ್ಟು, ಟೀಚರೇ ವಾಪಸು ತೆಗೆದಿಡುತ್ತಿದ್ದರು. ಟೀಚರು ತೆಗೆದಿಡುವಾಗ ಮಕ್ಕಳು ಅವರ ಹಿಂದೆ ಹಿಂದೆಯೇ ಬರುತ್ತಿದ್ದರು. ಹೋಗಿ ಕೂತ್ಕೊಳ್ಳಿ ಅಂದರೂ ಮತ್ತೆ ಬರುತ್ತಿದ್ದರು. ಇವಕ್ಕೆ ಏನು ಬೇಕು ಎಂದು ನೋಡಿದರೆ, ಮಕ್ಕಳಿಗೆ ಬೇಕಾದದ್ದು ತಾವೇ ಎತ್ತಿಡುವುದು! ಒಂದು ದಿನ ಕಪಾಟಿಗೆ ಬೀಗ ಹಾಕುವುದನ್ನು ಟೀಚರು ಮರೆತರು. ಮಕ್ಕಳು ಬೇಕಾದ್ದನ್ನು ತಾವೇ ಆರಿಸಿಕೊಂಡಿದ್ದರು. ಆಮೇಲೆ ಬೀಗದ ಕಪಾಟು ಹೋಗಿ, ಮಕ್ಕಳ ಕೈಗೆ ಎಟುಕುವ ತೆರೆದ ತಗ್ಗು ಕಪಾಟು ಬಂತು. ಅಂದರೆ ಎತ್ತಿಡುವ ಆಸೆ ಮಗುವಿನ ಒಳಗೇ ಇದೆ. ಅದು ಮೇಲೆ ಬರದಂತೆ ತಡೆದಿರುವುದು ನಮ್ಮ ಕಪಾಟಿನ ಎತ್ತರ.

ನಮ್ಮ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದು ಹೆಸರು. ಮೊಸರು ಬೆಣ್ಣೆಗೆ ನೆಲುವು, ರಾಗಿಗೆ ಹಗೇವು, ಕಾಳಿಗೆ ಗುಡಾಣ, ದೀಪಕ್ಕೆ ಗೋಡೆಯ ಗೂಡು, ಹಬ್ಬದ ಪಾತ್ರೆಗೆ ಅಟ್ಟ. ‘ಗೂಡಲ್ಲಿಡು’ ಅಂದರೆ ಮಗುವಿಗೂ ತಿಳಿಯುತ್ತಿತ್ತು. ಈಗಿನ ಮನೆಗಳಲ್ಲಿ ಮಕ್ಕಳ ಸಾಮಾನಿಗೆ ಹೆಸರಿರುವ ಒಂದು ಜಾಗ ಇದೆಯೇ? ಒಳ್ಳೆಯ ಗೊಂಬೆ ಷೋಕೇಸಿನ ಗಾಜಿನೊಳಗೆ, ಬಂದವರು ನೋಡಲಿ ಎಂದು. ಉಳಿದದ್ದೆಲ್ಲ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ. ಟಬ್ಬಿನ ತಳದಲ್ಲಿರುವ ಒಂದು ಕಾರು ಬೇಕೆಂದರೆ ಮಗು ಟಬ್ಬನ್ನೇ ಬೋರಲು ಹಾಕಬೇಕು. ಹಾಕುತ್ತದೆ. ಅದಕ್ಕೆ ಬೈಗುಳ.

ನಮ್ಮ ಮನೆಯಲ್ಲಿ ನಾನು ಮಾಡಿದ್ದು ಇಷ್ಟು. ಗೋಡೆ ಬದಿಗೆ ಮೊಣಕಾಲೆತ್ತರದ ಒಂದು ಹಲಗೆ. ಅದರ ಮೇಲೆ ನಾಲ್ಕು ಬುಟ್ಟಿ. ಓದಲು ಬಾರದ ಮಗುವಿಗೆ ಬುಟ್ಟಿಯ ಮೇಲೆ ಅಕ್ಷರ ಬರೆದು ಉಪಯೋಗವಿಲ್ಲ. ಒಂದಕ್ಕೆ ಬಸ್ಸಿನ ಚಿತ್ರ, ಒಂದಕ್ಕೆ ಹಸುವಿನ ಚಿತ್ರ, ಹೀಗೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದೆ. ಮೊಮ್ಮಗ ಅವಕ್ಕೆ ತಾನೇ ಹೆಸರಿಟ್ಟ: ಬಸ್ ಸ್ಟ್ಯಾಂಡು, ಕೊಟ್ಟಿಗೆ, ಆಲೆಮನೆ, ಸಂತೆ. ಈಗ ಅವನಿಗೆ ‘ಎತ್ತಿಡು’ ಅನ್ನಬೇಕಾಗಿಲ್ಲ. ‘ಕತ್ತಲಾಯ್ತು, ಹಸುಗಳು ಇನ್ನೂ ಹೊರಗೇ ಇವೆಯಲ್ಲೋ’ ಅಂದರೆ ಸಾಕು, ಹಸು, ಕುರಿ, ಆನೆ, ಡೈನೋಸಾರು ಎಲ್ಲವನ್ನೂ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಾನೆ.

ಆಟದ ಸಾಮಾನು ಎಷ್ಟಿರಬೇಕು ಎಂಬುದೂ ದೊಡ್ಡ ಪ್ರಶ್ನೆ. ನಾವು ಚಿಕ್ಕವರಿದ್ದಾಗ ಅಳಗುಳಿ ಮಣೆ ಆಡುತ್ತಿದ್ದೆವು. 14 ಗುಳಿ, ನಮ್ಮ ಮನೆಯ ಲೆಕ್ಕದಲ್ಲಿ ಗುಳಿಗೆ 5 ಬೀಜ, ಒಟ್ಟು 70 ಹುಣಸೆ ಬೀಜ. ಒಂದು ಕಳೆದರೆ ನಾಳೆ ಆಟವಿಲ್ಲ. ಹಾಗಾಗಿ ಆಟ ಮುಗಿದ ಕೂಡಲೇ ಎಣಿಸಿ ಚೀಲಕ್ಕೆ ಹಾಕುವುದು ಆಟದ ನಿಯಮದಷ್ಟೇ ಸಹಜವಾಗಿತ್ತು. ಕಲ್ಲಾಟಕ್ಕೆ ಐದು ಕಲ್ಲು, ಚೌಕಾಬಾರಕ್ಕೆ ನಾಲ್ಕು ಕವಡೆ. ಲೆಕ್ಕವಿರುವ ಆಟ ತನ್ನನ್ನು ತಾನೇ ಎತ್ತಿಡಿಸಿಕೊಳ್ಳುತ್ತಿತ್ತು. ಇವತ್ತಿನ ಪ್ಲಾಸ್ಟಿಕ್ ರಾಶಿಗೆ ಲೆಕ್ಕವೇ ಇಲ್ಲ. ಒಂದು ಹೋದರೆ ಏನೂ ನಿಲ್ಲುವುದಿಲ್ಲ, ಜಾತ್ರೆಯಲ್ಲಿ ಇನ್ನೊಂದು ಬರುತ್ತದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಆಡಲು ಬಿಟ್ಟು ನೋಡಿ 2018ರಲ್ಲಿ ಬರೆದರು: ಎದುರಿಗೆ 16 ಆಟಿಕೆ ಇದ್ದಾಗಿನದಕ್ಕಿಂತ ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಮ್ಮ ದಸರಾ ಗೊಂಬೆಗಳನ್ನು ನೋಡಿ. ವರ್ಷವೆಲ್ಲ ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿರುತ್ತವೆ, ಒಂಬತ್ತು ದಿನ ಕೆಳಗಿಳಿಯುತ್ತವೆ. ಪ್ರತಿ ವರ್ಷವೂ ಅವು ಹೊಸವೇ. ಆಟಿಕೆಯಲ್ಲಿ ಅರ್ಧವನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿ, ಹದಿನೈದು ದಿನಕ್ಕೊಮ್ಮೆ ಅದಲು ಬದಲು ಮಾಡಿ. ಎತ್ತಿಡುವುದು ಕಡಿಮೆ, ಆಡುವುದು ಹೆಚ್ಚು. ಹೊಸದು ಕೊಳ್ಳಬೇಕಾದರೆ ಹೆದ್ದಾರಿಯಲ್ಲಿ ಮದ್ದೂರು ದಾಟಿದರೆ ಚನ್ನಪಟ್ಟಣ. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಒಂದು ಬುಗುರಿ ಹತ್ತು ಪ್ಲಾಸ್ಟಿಕ್ ಸಾಮಾನಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಈಗ ಲಂಚದ ಮಾತು. ‘ಎತ್ತಿಟ್ರೆ ಚಾಕ್ಲೇಟು’, ‘ಎತ್ತಿಟ್ರೆ ಮೊಬೈಲು.’ ಇದು ಎಲ್ಲ ಮನೆಯಲ್ಲೂ ಇದೆ, ನಾನು ಬಲ್ಲೆ. ಮನಶ್ಶಾಸ್ತ್ರದವರ ಮಾತನ್ನು ಕೇಳಿ.  ಜರ್ಮನಿಯಲ್ಲಿದ್ದ ಸಂಶೋಧಕರು, ವಾರ್ನೆಕನ್ ಮತ್ತು ಟೊಮಾಸೆಲ್ಲೊ, 2006ರಲ್ಲಿ ಹದಿನೆಂಟು ತಿಂಗಳ ಮಕ್ಕಳ ಎದುರಿಗೆ ಬೇಕೆಂದೇ ವಸ್ತು ಕೆಳಗೆ ಬೀಳಿಸಿ ನೋಡಿದರು. ಯಾರೂ ಕೇಳದಿದ್ದರೂ ಮಕ್ಕಳು ಎತ್ತಿಕೊಟ್ಟವು. ಎರಡು ವರ್ಷ ಕಳೆದ ಮೇಲೆ ಇನ್ನೊಂದು ಪ್ರಯೋಗ ಮಾಡಿ ನೋಡಿದರು. ಎತ್ತಿಕೊಟ್ಟಾಗಲೆಲ್ಲ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ಮೊದಲಿನಷ್ಟು ಎತ್ತಿಕೊಡಲಿಲ್ಲ. ಏನೂ ಕೊಡದೆ ಬಿಟ್ಟ ಮಕ್ಕಳು ಎತ್ತಿಕೊಡುತ್ತಲೇ ಇದ್ದವು. ಚಾಕಲೇಟು ಕೊಟ್ಟಾಗ ನಾವು ಮಗುವಿಗೆ ಹೇಳಿಕೊಡುವುದೇನು? ಇದು ಯಾರೂ ಸುಮ್ಮನೆ ಮಾಡದ ಕೆಟ್ಟ ಕೆಲಸ, ಕೂಲಿ ಇಲ್ಲದೆ ಮಾಡಬೇಡ ಎಂದು. ಬದಲಿಗೆ ಮಗು ಮಾಡಿದ್ದನ್ನು ಬಾಯ್ತುಂಬ ಹೇಳಿ. ‘ಜಾಣ’ ಅನ್ನುವುದಕ್ಕಿಂತ, ‘ಎಲ್ಲ ಬಿಲ್ಲೇನೂ ಬಣ್ಣ ನೋಡಿ ಇಟ್ಟಿದೀಯ, ತಾತ ಈಗ ಎಡವೋದಿಲ್ಲ’ ಅನ್ನಿ. ತಾನು ಮಾಡಿದ್ದರಿಂದ ತಾತನಿಗೆ ಒಳ್ಳೆಯದಾಯಿತು ಎಂದು ತಿಳಿದರೆ ಆ ಸಣ್ಣ ಎದೆ ಉಬ್ಬುತ್ತದೆ.

ಲಂಚವಿಲ್ಲದೆಯೂ ಮಗು ಕೆಲಸಕ್ಕೆ ಕೈ ಹಾಕುತ್ತದೆ ಎಂಬುದು ನಮ್ಮ ಕಡೆಯ ರೇಷ್ಮೆ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಿಂದ, ಅಂದರೆ ಚಂದ್ರಿಕೆಯಿಂದ, ಗೂಡು ಬಿಡಿಸುವ ದಿನ ಮನೆಯವರೆಲ್ಲ ಸುತ್ತ ಕೂರುತ್ತಾರೆ, ಮಾತು, ನಗು, ನಡುನಡುವೆ ಪುಟ್ಟ ಮಗುವೂ ಒಂದೊಂದು ಗೂಡು ಕಿತ್ತು ಬುಟ್ಟಿಗೆ ಹಾಕುತ್ತದೆ. ಅಂಟಿಕೊಂಡಿರುವ ಜೋಡಿ ಗೂಡು ಸಿಕ್ಕರೆ ಕೂಗಿ ತೋರಿಸುತ್ತದೆ. ಮಕ್ಕಳನ್ನು ದುಡಿಮೆಗೆ ಹಚ್ಚಿ ಎಂದು ನಾನು ಹೇಳುತ್ತಿಲ್ಲ, ಅದು ಅನ್ಯಾಯ. ದೊಡ್ಡವರ ಪಕ್ಕದಲ್ಲಿ ಕೂತು ಕೈ ಜೋಡಿಸುವ ಸುಖವನ್ನು ಹೇಳುತ್ತಿದ್ದೇನೆ. ನಾವು ಕುರ್ಚಿ ಮೇಲೆ ಕೂತು, ಕೈಯಲ್ಲಿ ಮೊಬೈಲು ಹಿಡಿದು, ‘ನೀನು ಎತ್ತಿಡು’ ಅಂದರೆ ಯಾವ ಮಗುವೂ ಎತ್ತಿಡುವುದಿಲ್ಲ. ನೆಲಕ್ಕೆ ಇಳಿಯಬೇಕು.

ಒಂದು ತಪ್ಪನ್ನು ಹೇಳಿಕೊಳ್ಳಲೇಬೇಕು. ನನ್ನ ಮಗಳಿಗೆ ಐದು ವರ್ಷ ಇದ್ದಾಗ ನಾವು ಮದ್ದೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅವಳ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಒಳಗೆ ಬಳೆಚೂರು, ಶಿಂಷಾ ಹೊಳೆಯಿಂದ ಆರಿಸಿ ತಂದ ನುಣುಪುಗಲ್ಲು, ಸೋಡಾ ಬಾಟಲಿಯ ಮುಚ್ಚಳ. ದಿನವೂ ಅದನ್ನು ಹಾಸಿಗೆ ಮೇಲೆ ಸುರಿದು, ಬಣ್ಣ ಬಣ್ಣವಾಗಿ ಸಾಲು ಜೋಡಿಸುತ್ತಿದ್ದಳು. ಒಂದು ದಿನ ಗಾಜಿನ ಚೂರು ನನ್ನ ಕಾಲಿಗೆ ಚುಚ್ಚಿತು. ಸಿಟ್ಟಿನಲ್ಲಿ ಇಡೀ ಡಬ್ಬಿಯನ್ನು ತಿಪ್ಪೆಗೆ ಎಸೆದೆ. ‘ಬರೀ ಕಸ’ ಎಂದೆ. ಅವಳು ಅಳಲಿಲ್ಲ. ಆದರೆ ಆಮೇಲೆ ಎಷ್ಟೋ ತಿಂಗಳು ಯಾವುದನ್ನೂ ಜೋಡಿಸಿಡಲಿಲ್ಲ. ಬಣ್ಣ ನೋಡಿ, ಗಾತ್ರ ನೋಡಿ, ಸಾಲಾಗಿ ಇಡುತ್ತಿದ್ದ ಮಗು ಅದು. ಅಚ್ಚುಕಟ್ಟನ್ನು ಅದಾಗಲೇ ಕಲಿತಿತ್ತು, ಅದನ್ನು ಎಸೆದವಳು ನಾನು. ಗಾಜನ್ನು ತೆಗೆದು, ಕಲ್ಲನ್ನೂ ಮುಚ್ಚಳವನ್ನೂ ಅವಳಿಗೇ ಬಿಡಬಹುದಿತ್ತು. ನಮ್ಮ ಕಣ್ಣಿಗೆ ಕಸವಾದದ್ದು ಮಗುವಿಗೆ ಆಸ್ತಿ ಆಗಿರುತ್ತದೆ. ಎಸೆಯುವ ಮುಂಚೆ ಕೇಳಿ. ಅಷ್ಟು ಮರ್ಯಾದೆಗೆ ಮೂರು ವರ್ಷದ ಮಗುವೂ ಅರ್ಹ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಎತ್ತಿಡುವುದನ್ನು ಹೆಣ್ಣುಮಗುವಿಗೆ ಕಲಿಸುತ್ತೇವೆ, ಗಂಡುಮಗುವಿಗೆ ಬಿಟ್ಟುಬಿಡುತ್ತೇವೆ. ‘ಅವ್ನು ಗಂಡ್ಸು, ಬಿಡವ್ವ’ ಅನ್ನುವ ಅಜ್ಜಿಯರು ಈಗಲೂ ಇದ್ದಾರೆ. ನಾಲ್ಕು ವರ್ಷದ ತಂಗಿ ಆರು ವರ್ಷದ ಅಣ್ಣನ ತಟ್ಟೆ ಎತ್ತುವುದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಆಟದ ಹೆಸರಿನಲ್ಲಿ ಅದನ್ನು ಅವಳ ತಲೆಗೆ ಕಟ್ಟಿದರೆ ಅದು ಆಟವಲ್ಲ. ಬಸ್ಸಿಗೆ ಪ್ರಯಾಣಿಕರನ್ನು ಹತ್ತಿಸುವವರು ಇಬ್ಬರೂ ಆಗಬೇಕು, ತಟ್ಟೆ ಎತ್ತುವವರೂ ಇಬ್ಬರೂ ಆಗಬೇಕು. ಅಪ್ಪನೂ ನೆಲಕ್ಕೆ ಕೂತು ಒಂದು ಬುಟ್ಟಿ ತುಂಬಿದರೆ ಹುಡುಗನಿಗೆ ಬೇರೆ ಉಪದೇಶ ಬೇಕಿಲ್ಲ.

ವಯಸ್ಸಿನ ಲೆಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಎರಡು ವರ್ಷದ ಮಗು ಒಂದು ವಸ್ತುವನ್ನು ಬುಟ್ಟಿಗೆ ಹಾಕಿದರೆ ಅದೇ ದೊಡ್ಡದು. ಮೂರಕ್ಕೆ ಚಪ್ಪಲಿ ಜೊತೆ ಮಾಡುತ್ತದೆ, ಒಂದು ಬಣ್ಣದ್ದನ್ನು ಆರಿಸುತ್ತದೆ, ನಾಲ್ಕಕ್ಕೆ ಎಲ್ಲ ಬಣ್ಣವನ್ನೂ ಬೇರೆ ಬೇರೆ ಮಾಡುತ್ತದೆ, ಐದಕ್ಕೆ ಕರವಸ್ತ್ರ ಮಡಿಸುತ್ತದೆ. ಮಡಿಕೆ ಸೊಟ್ಟಗಿದ್ದರೆ ಇರಲಿ, ಮಗುವಿನ ಎದುರಿಗೇ ಬಿಚ್ಚಿ ಮತ್ತೆ ಮಡಿಸಬೇಡಿ. ಫಿನಾಯಿಲು, ಗದ್ದೆಗೆ ಹೊಡೆಯುವ ಔಷಧಿ, ಮಚ್ಚು, ಕುಡುಗೋಲು, ನೀರು ಕಾಯುವ ಹಂಡೆಯ ಒಲೆ, ಇವುಗಳ ಹತ್ತಿರ ಈ ಆಟ ಬೇಡವೇ ಬೇಡ. ಅವನ್ನು ಎತ್ತರದಲ್ಲಿ ಬೀಗ ಹಾಕಿ ಇಡುವುದು ನಮ್ಮ ಪಾಲಿನ ಕೆಲಸ. ನಿದ್ದೆ ಬಂದ, ಹಸಿದ ಮಗುವಿನ ಹತ್ತಿರವೂ ಬೇಡ. ಹಸಿವು ಹತ್ತುವ ಮುಂಚೆ, ಊಟಕ್ಕೆ ಅರ್ಧ ಗಂಟೆ ಇರುವಾಗ ಒಳ್ಳೆಯ ಹೊತ್ತು. ಕೆಲವು ದಿನ ಎಷ್ಟು ಕರೆದರೂ ಬಸ್ಸು ಹೊರಡುವುದಿಲ್ಲ. ಆ ದಿನ ನೀವೇ ಎತ್ತಿಡಿ, ಮಗು ನೋಡುತ್ತಿರಲಿ. ನಾಲೆಯ ಕೊನೆಯಲ್ಲಿರುವ ಮಳವಳ್ಳಿ ಕಡೆಯ ರೈತರಿಗೆ ಕಾಯುವುದೆಂದರೇನು ಎಂದು ಗೊತ್ತು. ನೀರು ಹೊರಟಿದ್ದರೆ ಕೊನೆಯ ಗದ್ದೆಗೂ ಬಂದು ಮುಟ್ಟುತ್ತದೆ, ಸ್ವಲ್ಪ ತಡವಾಗಿ.

ನನ್ನ ಮಾತು ಮುಗಿದ ಮೇಲೆ ರೇಡಿಯೋ ಆರಿಸಿ ಒಂದು ಕೆಲಸ ಮಾಡಿ. ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡು, ಮಗುವನ್ನು ಹೊಸ್ತಿಲ ಹೊರಗೆ ಕರೆದುಕೊಂಡು ಹೋಗಿ, ಅದರ ಚಪ್ಪಲಿ ಸುತ್ತ ಗೆರೆ ಎಳೆಯಿರಿ. ಪಕ್ಕದಲ್ಲಿ ನಿಮ್ಮ ಚಪ್ಪಲಿಗೂ ಎಳೆಯಿರಿ. ನಾಳೆ ಸಂಜೆ ಇಬ್ಬರೂ ಒಟ್ಟಿಗೆ ಅದರೊಳಗೆ ಬಿಡಿ.